ಸಭೆಗೊಂದು, ಯೂಟ್ಯೂಬಿಗೊಂದು, ಡಿಸ್ಕಿಗೊಂದು: ಮನೆ ಕಂಪ್ಯೂಟರಿನಲ್ಲಿ ಲೈವ್ ಮಿಕ್ಸಿಂಗ್

ಊರಿನ ಆಟ, ಕೂಟಗಳನ್ನು ಚಿತ್ರೀಕರಿಸುವ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಕೆಲವರು ಈಗಾಗಲೇ ತಾಳಮದ್ದಲೆ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ಆಡುವ ಕೂಟ), ಯಕ್ಷಗಾನಗಳನ್ನು ಯೂಟ್ಯೂಬಿನಲ್ಲಿ ಲೈವ್ ಕೊಡುತ್ತಿದ್ದೀರಿ. ಲೈವ್ ಕೊಡುವುದು ಹೇಗೆ ಅಂತ ಹೇಳಿಕೊಡುವ ವಿಡಿಯೋಗಳು ಬೇಕಾದಷ್ಟಿವೆ. ಅದನ್ನೇ ನಾನು ಮತ್ತೆ ಹೇಳುವುದಿಲ್ಲ. ಲೈವ್ ನಡೆಯುತ್ತಿರುವಾಗಲೇ ಅದೇ ಕಂಪ್ಯೂಟರಿನಲ್ಲಿ ಆಗಬೇಕಾದ ಇನ್ನೊಂದು ಕೆಲಸ ಇದೆ, ರೆಕಾರ್ಡಿಂಗ್. ಇವೆರಡೂ ಬೇರೆ ಬೇರೆ ಕೆಲಸ. ಲೈವ್ ಮಾಡಿದರೆ ರೆಕಾರ್ಡಿಂಗ್ ತಾನಾಗಿ ಆಗುತ್ತದೆ ಅಂದುಕೊಂಡು ನಾವು ತುಂಬಾ ಕಳೆದುಕೊಳ್ಳುತ್ತಿದ್ದೇವೆ. ನಾನು ಹೇಳಬೇಕೆಂದಿರುವುದು ಇಷ್ಟೇ, ಉಳಿದದ್ದೆಲ್ಲ ಇದರ ವಿವರ.

ತಾಳಮದ್ದಲೆಯನ್ನೇ ತೆಗೆದುಕೊಳ್ಳಿ. ಭಾಗವತರು ಹಾಡುವ ಪದ್ಯ ಪ್ರಸಂಗದ ಪುಸ್ತಕದಲ್ಲಿ ಅಚ್ಚಾಗಿದೆ. ಅರ್ಥ, ಅಂದರೆ ಆ ಪದ್ಯದ ಮೇಲೆ ಪಾತ್ರಧಾರಿ ಆಡುವ ಮಾತು, ಅದರಲ್ಲಿ ಅಚ್ಚಾಗಿಲ್ಲ. ಎದುರು ಕೂತವರ ಮಾತಿಗೆ ತಕ್ಕಂತೆ ಅರ್ಥಧಾರಿ ಅದನ್ನು ಆ ಹೊತ್ತಿಗೇ ಕಟ್ಟುತ್ತಾ ಹೋಗುತ್ತಾರೆ. ಇವತ್ತಿನ ವಾಲಿ ರಾಮನಿಗೆ ಕೇಳಿದ ಪ್ರಶ್ನೆಯನ್ನು ನಾಳೆಯ ವಾಲಿ ಕೇಳಲಿಕ್ಕಿಲ್ಲ. ಅದೇ ಇಬ್ಬರು ಮತ್ತೆ ಕೂತರೂ ಅದೇ ಮಾತು ಬರುವುದಿಲ್ಲ. ಹಾಗಾಗಿ ಆ ರಾತ್ರಿಯ ಅರ್ಥಕ್ಕೆ ಉಳಿಯುವ ಜಾಗ ಅಂತ ಇದ್ದರೆ ಅದು ನಮ್ಮ ಹಾರ್ಡ್ ಡಿಸ್ಕ್ ಒಂದೇ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಪತ್ತನಾಜೆವರೆಗೆ (ಮೇ ಕೊನೆಯ ಹೊತ್ತಿಗೆ ತಿರುಗಾಟ ಮುಗಿಯುವ ದಿನ) ನಡೆಯಬೇಕಿದ್ದ ಮೇಳಗಳ ತಿರುಗಾಟ ಅರ್ಧಕ್ಕೇ ನಿಂತಿತು. ಆಮೇಲೆ ಎಷ್ಟೋ ಕೂಟಗಳು ಸಭಿಕರೇ ಇಲ್ಲದ ಕೋಣೆಯಿಂದ ನೇರ ಪ್ರಸಾರವಾದವು. ಕೊಲ್ಲಿ ದೇಶಗಳಲ್ಲಿ, ಅಮೆರಿಕದಲ್ಲಿ ಇರುವ ನಮ್ಮವರು ಅಲ್ಲಿಂದಲೇ ನೋಡಿದರು. ಆಗ ಹತ್ತಿದ ರೂಢಿ ಈಗಲೂ ಮುಂದುವರಿದಿದೆ, ಸಂತೋಷ. ಆದರೆ ಆ ದಿನಗಳ ವಿಡಿಯೋಗಳನ್ನು ಈಗ ತೆಗೆದು ನೋಡಿ. ನೆಟ್‌ವರ್ಕ್ ಕುಂಟಿದ ಕಡೆ ಚಿತ್ರ ಚೌಕ ಚೌಕವಾಗಿದೆ, ಚೆಂಡೆ ಬಂದಾಗಲೆಲ್ಲ ಭಾಗವತರ ಸ್ವರ ಮುಳುಗಿದೆ. ಕಲಾವಿದರ ಕಡೆಯಿಂದ ಏನೂ ಕಡಿಮೆಯಾಗಿರಲಿಲ್ಲ. ನಮ್ಮ ಕೈಗೆ ಸಿಕ್ಕಿದ್ದನ್ನು ನಾವು ಸರಿಯಾಗಿ ಇಟ್ಟುಕೊಳ್ಳಲಿಲ್ಲ.

ಮನೆ ಕಂಪ್ಯೂಟರಿನಲ್ಲಿ ಮಿಕ್ಸಿಂಗ್, ಅಂದರೆ ಹಲವು ಕ್ಯಾಮೆರಾಗಳ ಚಿತ್ರದಲ್ಲಿ ಆಗಾಗ ಬೇಕಾದ್ದನ್ನು ಆರಿಸಿ ಒಂದೇ ವಿಡಿಯೋ ಮಾಡುವುದು, ಹೊಸತೇನಲ್ಲ. ಅಮೆರಿಕದ ಕಾನ್ಸಾಸಿನ ನ್ಯೂಟೆಕ್ ಎಂಬ ಕಂಪನಿ 1990ರಲ್ಲೇ ಕಮಡೋರ್ ಅಮಿಗಾ ಕಂಪ್ಯೂಟರಿಗೆ ಸೇರಿಸುವ ‘ವಿಡಿಯೋ ಟೋಸ್ಟರ್’ ತಂದಿತ್ತು. ನಾಲ್ಕು ಕಡೆಯ ವಿಡಿಯೋ ಒಳಗೆ ತೆಗೆದುಕೊಂಡು ಒಂದರಿಂದ ಇನ್ನೊಂದಕ್ಕೆ ಹಾರಬಹುದಿತ್ತು, ಮೇಲೆ ಅಕ್ಷರ ಹಾಕಬಹುದಿತ್ತು. ಅದುವರೆಗೆ ಟಿವಿ ಸ್ಟುಡಿಯೋದ ದುಬಾರಿ ಯಂತ್ರಗಳು ಮಾತ್ರ ಮಾಡುತ್ತಿದ್ದ ಕೆಲಸ ಅದು. ಆದರೆ ಮಿಕ್ಸ್ ಆದ ವಿಡಿಯೋವನ್ನು ಅದೇ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಲು ಆಗುತ್ತಿರಲಿಲ್ಲ. ಹೊರಗೆ ವಯರ್ ಎಳೆದು ವಿಸಿಆರ್‌ನಲ್ಲಿ ಟೇಪಿಗೆ ಇಳಿಸಬೇಕಿತ್ತು.

ಯಾಕೆ ಅಂತ ಒಂದು ಲೆಕ್ಕ ಹಾಕಿ ನೋಡೋಣ, ಇವತ್ತಿನ ವಿಡಿಯೋದ್ದೇ. ಫುಲ್ ಎಚ್‌ಡಿ ಚಿತ್ರ ಅಂದರೆ 1920 ಅಡ್ಡ, 1080 ಉದ್ದ. ಒಟ್ಟು 20,73,600 ಚುಕ್ಕಿ. ಒಂದು ಚುಕ್ಕಿಯ ಬಣ್ಣಕ್ಕೆ 3 ಬೈಟ್ ಹಿಡಿದರೆ ಒಂದು ಫ್ರೇಮಿಗೆ ಸುಮಾರು 6.2 ಎಂಬಿ. ಸೆಕೆಂಡಿಗೆ 25 ಫ್ರೇಮ್ ಅಂದರೆ 155 ಎಂಬಿ. ಗಂಟೆಗೆ 560 ಜಿಬಿ. ನಾಲ್ಕು ಗಂಟೆಯ ಒಂದು ಕೂಟಕ್ಕೆ 2 ಟಿಬಿ ಡಿಸ್ಕ್ ಕೂಡ ಸಾಲದು. ಆದರೆ ನಿಮ್ಮ ಕಂಪ್ಯೂಟರ್ ಇದನ್ನು ಗಂಟೆಗೆ 9 ಜಿಬಿಗೆ ತಂದು ಇಡುತ್ತದೆ. 60 ಪಾಲಿನಲ್ಲಿ ಒಂದು ಪಾಲು, ಅದೂ ಆ ಕ್ಷಣದಲ್ಲೇ. ಈ ಹಿಂಡುವ ಕೆಲಸ ಮಾಡುವುದು ಎನ್‌ಕೋಡರ್. 2011ರ ಹೊತ್ತಿಗೆ ಇಂಟೆಲ್ ತನ್ನ ಪ್ರೊಸೆಸರಿನ ಒಳಗೇ ಇದಕ್ಕೆಂದು ಬೇರೆ ಭಾಗ ಇಟ್ಟಿತು, ಹೆಸರು ಕ್ವಿಕ್ ಸಿಂಕ್. ಮರುವರ್ಷ ಎನ್‌ವಿಡಿಯಾ ತನ್ನ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಇಂಥದ್ದೇ ಎನ್‌ವೆಂಕ್ ಇಟ್ಟಿತು. ಅದೇ 2012ರಲ್ಲಿ ಹ್ಯೂ ಬೈಲಿ ಎಂಬವರು ಓಬಿಎಸ್ ಎಂಬ ಮಿಕ್ಸಿಂಗ್, ಲೈವ್, ರೆಕಾರ್ಡಿಂಗಿನ ಸಾಫ್ಟ್‌ವೇರ್ ಶುರುಮಾಡಿದರು. ಇವತ್ತು ನಾವೆಲ್ಲ ಬಳಸುವುದು ಅದನ್ನೇ ಅಲ್ವಾ? ದುಡ್ಡಿಲ್ಲ, ಲೈಸೆನ್ಸಿನ ತಲೆನೋವಿಲ್ಲ, ಒಳಗಿನ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ನಮ್ಮಂಥವರಿಗೆ ಇದು ದೊಡ್ಡ ಉಪಕಾರ ಅಂತ ನಾನು ಮನಸಾರೆ ಹೇಳುತ್ತೇನೆ.

ಈಗ ಕೆಲಸಕ್ಕೆ ಬರೋಣ. ಮಿಕ್ಸ್ ಆದ ವಿಡಿಯೋ ಕಂಪ್ಯೂಟರಿನಿಂದ ಮೂರು ದಾರಿಯಲ್ಲಿ ಹೊರಗೆ ಹೋಗುತ್ತದೆ. ಇಂಟರ್‌ನೆಟ್‌ಗೆ, ಸಭೆಯ ಪರದೆಗೆ, ಡಿಸ್ಕಿಗೆ. ಇಂಟರ್‌ನೆಟ್‌ಗೆ ಹೋಗುವುದು ನಿಮ್ಮ ಊರಿನ ಅಪ್‌ಲೋಡ್ ವೇಗಕ್ಕೆ ಬಗ್ಗಿ ಹೋಗಬೇಕು. ಪರದೆಗೆ ಹೋಗುವುದು ಬೇಗ ಹೋಗಬೇಕು, ಮಾತಿಗೂ ತುಟಿಗೂ ತಾಳೆಯಾಗಬೇಕು. ಡಿಸ್ಕಿಗೆ ಹೋಗುವುದಕ್ಕೆ ಈ ಎರಡು ಕಟ್ಟೂ ಇಲ್ಲ. ಹಾಗಿರುವಾಗ ಇಂಟರ್‌ನೆಟ್‌ಗೆಂದು ಬಡವಾಗಿಸಿದ ಚಿತ್ರವನ್ನೇ ಡಿಸ್ಕಿಗೂ ಯಾಕೆ ಬರೆಯಬೇಕು?

ಓಬಿಎಸ್ ಸೆಟ್ಟಿಂಗ್ಸಿನಲ್ಲಿ ಔಟ್‌ಪುಟ್ ತೆರೆಯಿರಿ. ಸಿಂಪಲ್ ಮೋಡಿನಲ್ಲಿ ರೆಕಾರ್ಡಿಂಗ್ ಕ್ವಾಲಿಟಿ ಅಂತ ಒಂದು ಸಾಲು ಇದೆ. ನಾನು ನೋಡುವ ಹೆಚ್ಚಿನ ಕಂಪ್ಯೂಟರುಗಳಲ್ಲಿ ಅಲ್ಲಿ ‘ಸೇಮ್ ಆ್ಯಸ್ ಸ್ಟ್ರೀಮ್’ ಇರುತ್ತದೆ. ಅಂದರೆ ಒಂದೇ ಎನ್‌ಕೋಡರ್, ಒಂದೇ ಚಿತ್ರ, ಎರಡು ಕಡೆಗೆ. ಲೈವ್ 4,000 ಕೆಬಿಪಿಎಸ್ (ಸೆಕೆಂಡಿಗೆ 4,000 ಕಿಲೋಬಿಟ್) ಬಿಟ್‌ರೇಟಿನಲ್ಲಿ ಹೋದರೆ ಡಿಸ್ಕಿನಲ್ಲೂ ಅಷ್ಟೇ ಉಳಿಯುತ್ತದೆ. ಅದನ್ನು ‘ಹೈ ಕ್ವಾಲಿಟಿ’ ಅಂತ ಬದಲಾಯಿಸಿ. ರೆಕಾರ್ಡಿಂಗಿಗೆ ಬೇರೆ ಎನ್‌ಕೋಡರ್ ಓಡುತ್ತದೆ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎನ್‌ವೆಂಕ್, ಇಂಟೆಲ್ ಪ್ರೊಸೆಸರ್ ಮಾತ್ರ ಇದ್ದರೆ ಕ್ವಿಕ್ ಸಿಂಕ್. ಆಮೇಲೆ ರಾತ್ರಿ ನೆಟ್ ಪೂರ್ತಿ ಹೋದರೂ ಡಿಸ್ಕಿನ ಫೈಲಿಗೆ ಏನೂ ಆಗುವುದಿಲ್ಲ. ಇವತ್ತಿನ ಮಾತಿನಲ್ಲಿ ಇದೊಂದನ್ನು ಮನೆಗೆ ಹೋಗಿ ಮಾಡಿದರೂ ನನಗೆ ಖುಷಿ.

ಇನ್ನು ಫೈಲ್ ಯಾವ ರೂಪದಲ್ಲಿ ಇರಬೇಕು ಅನ್ನುವುದು. ಎಂಪಿ4 ಎಲ್ಲ ಕಡೆ ಓಡುತ್ತದೆ ಅಂತ ಎಲ್ಲರೂ ಅದನ್ನೇ ಆರಿಸುತ್ತಾರೆ. ಎಂಪಿ4 ಫೈಲಿನಲ್ಲಿ ಯಾವ ಫ್ರೇಮ್ ಎಲ್ಲಿದೆ ಅನ್ನುವ ಪಟ್ಟಿಯನ್ನು ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ ಬರೆಯಲಾಗುತ್ತದೆ. ಮಧ್ಯೆ ಕರೆಂಟ್ ಹೋದರೆ ಪಟ್ಟಿಯೇ ಇಲ್ಲ. ಮೂರೂವರೆ ಗಂಟೆಯ ಫೈಲ್ ಇರುತ್ತದೆ, ತೆರೆಯುವುದೇ ಇಲ್ಲ. ನಮ್ಮ ಕಡೆ ಮಳೆಗಾಲದ ಕೂಟಕ್ಕೆ ಕರೆಂಟಿನ ಭರವಸೆ ಎಷ್ಟು ಅಂತ ನಿಮಗೇ ಗೊತ್ತು. ಎಂಕೆವಿ ಹಾಗಲ್ಲ, ನಿಂತ ಕ್ಷಣದವರೆಗಿನದ್ದು ನೋಡಲು ಸಿಗುತ್ತದೆ. ಆಮೇಲೆ ಫೈಲ್ ಮೆನುವಿನಲ್ಲಿ ‘ರೀಮಕ್ಸ್ ರೆಕಾರ್ಡಿಂಗ್ಸ್’ ಒತ್ತಿದರೆ ಚಿತ್ರ ಒಂದಿಷ್ಟೂ ಕೆಡದೆ ಎಂಪಿ4 ಆಗುತ್ತದೆ, ಹೆಚ್ಚು ಹೊತ್ತೂ ಬೇಡ. 2024ರಲ್ಲಿ ಬಂದ ಓಬಿಎಸ್ 30.2ರಿಂದ ‘ಹೈಬ್ರಿಡ್ ಎಂಪಿ4’ ಅಂತಲೂ ಒಂದು ಆಯ್ಕೆ ಇದೆ, ಅದೂ ಹೀಗೆ ಮಧ್ಯೆ ನಿಂತರೆ ತಡೆದುಕೊಳ್ಳುತ್ತದೆ. ಹಳೆಯ ಬಗೆಯ ಎಂಪಿ4 ಮಾತ್ರ ಬೇಡ.

ಧ್ವನಿಯ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ. ನನ್ನ ಮಟ್ಟಿಗೆ ತಾಳಮದ್ದಲೆಯಲ್ಲಿ ಚಿತ್ರಕ್ಕಿಂತ ಧ್ವನಿ ಮುಖ್ಯ. ಚಿತ್ರ ಸ್ವಲ್ಪ ಮಂಕಾದರೂ ಜನ ಕೂತು ನೋಡುತ್ತಾರೆ. ಅರ್ಥ ಸರಿಯಾಗಿ ಕೇಳದಿದ್ದರೆ ಐದು ನಿಮಿಷವೂ ಕೂರುವುದಿಲ್ಲ.

ಫೋನಿನ ಮೈಕಿನಲ್ಲಿ ಧ್ವನಿ ತೆಗೆದರೆ ಏನಾಗುತ್ತದೆ ನೋಡಿ. ಫೋನ್ ಧ್ವನಿಯ ಮಟ್ಟವನ್ನು ತಾನೇ ಏರಿಸಿ ಇಳಿಸಿ ಮಾಡುತ್ತಾ ಇರುತ್ತದೆ. ಚೆಂಡೆಯ ಒಂದು ಪೆಟ್ಟು ಬಿದ್ದ ಕೂಡಲೇ ಜೋರಾಯಿತು ಅಂತ ಒಟ್ಟು ಮಟ್ಟವನ್ನೇ ಇಳಿಸುತ್ತದೆ. ಅದು ಮತ್ತೆ ಏರುವ ಹೊತ್ತಿಗೆ ಇನ್ನೊಂದು ಪೆಟ್ಟು ಬಿದ್ದಿರುತ್ತದೆ. ನಡುವೆ ಭಾಗವತರ ಆಲಾಪನೆ ದೂರದ ಮನೆಯಿಂದ ಬಂದಂತೆ ಕೇಳುತ್ತದೆ. ಇದಕ್ಕೆ ಆಮೇಲೆ ಎಡಿಟಿಂಗಿನಲ್ಲಿ ಮದ್ದಿಲ್ಲ. ಹಾಗಾಗಿ ಸೌಂಡಿನವರ ಮಿಕ್ಸರಿನಿಂದ ಒಂದು ಲೈನ್ ಕೇಳಿ ತೆಗೆದುಕೊಳ್ಳಿ, ಯುಎಸ್‌ಬಿ ಆಡಿಯೋ ಇಂಟರ್‌ಫೇಸಿನ ಮೂಲಕ ಕಂಪ್ಯೂಟರಿಗೆ ಕೊಡಿ. ಸಾಧ್ಯವಾದರೆ ಎರಡು ಲೈನ್: ಅರ್ಥಧಾರಿಗಳ ಮೈಕುಗಳೆಲ್ಲ ಒಂದರಲ್ಲಿ, ಹಿಮ್ಮೇಳ (ಭಾಗವತರು, ಚೆಂಡೆ, ಮದ್ದಲೆ) ಇನ್ನೊಂದರಲ್ಲಿ. ಸಭೆಯ ಚಪ್ಪಾಳೆ, ನಗು ಹಿಡಿಯಲು ಒಂದು ಬೇರೆ ಮೈಕ್ ಇಟ್ಟರೆ ಇನ್ನೂ ಒಳ್ಳೆಯದು. ಮಿಕ್ಸರಿನ ಲೈನಿನಲ್ಲಿ ಸಭೆ ಇರುವುದೇ ಇಲ್ಲ, ಒಳ್ಳೆಯ ಮಾತಿಗೆ ಜನ ನಕ್ಕದ್ದು ಕೇಳದಿದ್ದರೆ ಕೂಟ ಅರ್ಧ ಸತ್ತಂತೆ.

ಓಬಿಎಸ್ ರೆಕಾರ್ಡಿಂಗಿನಲ್ಲಿ 6 ಆಡಿಯೋ ಟ್ರ್ಯಾಕ್ ಇಡಬಹುದು. ಅಡ್ವಾನ್ಸ್‌ಡ್ ಆಡಿಯೋ ಪ್ರಾಪರ್ಟೀಸ್ ತೆರೆದರೆ ಯಾವ ಧ್ವನಿ ಯಾವ ಟ್ರ್ಯಾಕಿಗೆ ಅಂತ ಟಿಕ್ ಹಾಕುವ ಜಾಗ ಸಿಗುತ್ತದೆ. 1ರಲ್ಲಿ ಎಲ್ಲವೂ ಸೇರಿದ್ದು, ಲೈವ್‌ಗೆ ಹೋಗುವುದು ಅದೇ. 2ರಲ್ಲಿ ಅರ್ಥ ಮಾತ್ರ. 3ರಲ್ಲಿ ಹಿಮ್ಮೇಳ ಮಾತ್ರ. 4ರಲ್ಲಿ ಸಭೆ. ಇಷ್ಟು ಮಾಡಿದರೆ ನಾಳೆ ಯಾರಾದರೂ ಆ ಅರ್ಥವನ್ನು ಬರಹಕ್ಕೆ ಇಳಿಸಬೇಕೆಂದರೆ ಎರಡನೇ ಟ್ರ್ಯಾಕ್ ಹಾಕಿಕೊಂಡು ಕೂರಬಹುದು. ಮದ್ದಲೆ ಕಲಿಯುವ ಹುಡುಗ ಮೂರನೆಯದನ್ನು ಕೇಳಬಹುದು. ಟ್ರ್ಯಾಕ್ ಹೆಚ್ಚಾದರೂ ಫೈಲಿನ ತೂಕ ಹೆಚ್ಚು ಏರುವುದಿಲ್ಲ, ಧ್ವನಿಗೆ ಬೇಕಾಗುವ ಜಾಗ ಬಹಳ ಕಡಿಮೆ.

ಮೀಟರ್ ನೋಡುವಾಗ ಒಂದು ಮಾತು. ಓಬಿಎಸ್‌ನಲ್ಲಿ ಮೈನಸ್ 20 ಡೆಸಿಬೆಲ್‌ವರೆಗೆ ಹಸಿರು, ಅಲ್ಲಿಂದ ಮೈನಸ್ 9ರವರೆಗೆ ಹಳದಿ, ಆಮೇಲೆ ಕೆಂಪು. ಮಾತು ಹಳದಿಯಲ್ಲಿ ಆಡುತ್ತಿರಲಿ. ಚೆಂಡೆ ಕೆಂಪಿಗೆ ಹೋಗಿ ಬಂದರೆ ಪರವಾಗಿಲ್ಲ, ಸೊನ್ನೆ ಮುಟ್ಟಬಾರದು. ಭದ್ರತೆಗೆ, ಧ್ವನಿ ಮಿತಿ ದಾಟದಂತೆ ತಡೆಯುವ ಲಿಮಿಟರ್ ಫಿಲ್ಟರ್ ಹಾಕಿ. ಆದರೆ ಹಿಮ್ಮೇಳದ ಮೈಕಿಗೆ ನಾಯ್ಸ್ ಸಪ್ರೆಶನ್ ಹಾಕಲೇಬೇಡಿ. ಅದರಲ್ಲಿರುವ ಆರ್‌ಎನ್‌ನಾಯ್ಸ್ ಮನುಷ್ಯರ ಮಾತನ್ನು ಉಳಿಸಿ ಉಳಿದದ್ದನ್ನು ಅಳಿಸಲೆಂದು ತಯಾರಾದದ್ದು. ಅದರ ಲೆಕ್ಕದಲ್ಲಿ ಮದ್ದಲೆಯೂ ಸದ್ದು, ತಾಳವೂ ಸದ್ದು.

ಇನ್ನು ಮಿಕ್ಸಿಂಗ್. ಕೂಟದಲ್ಲಿ ಹಿಮ್ಮೇಳ ನಡುವೆ, ಅರ್ಥಧಾರಿಗಳು ಎರಡು ಬದಿ. ನನ್ನ ಪ್ರಕಾರ ಮೂರು ಕ್ಯಾಮೆರಾ ಸಾಕು, ಒಂದು ಪೂರ್ತಿ ವೇದಿಕೆಗೆ, ಬದಿಗೊಂದೊಂದು. ಮಿಕ್ಸ್ ಮಾಡುವವನಿಗೆ ಪ್ರಸಂಗ ಗೊತ್ತಿರಬೇಕು, ಕ್ಯಾಮೆರಾ ಎಷ್ಟು ದುಬಾರಿಯದ್ದು ಅನ್ನುವುದು ಆಮೇಲಿನ ಮಾತು. ಅರ್ಥ ಮುಗಿಯುವ ಹೊತ್ತಿಗೆ ಮಾತಿನ ಓಟ ಬದಲಾಗುತ್ತದೆ, ಭಾಗವತರು ಜಾಗಟೆ ಕೈಗೆ ತೆಗೆದುಕೊಳ್ಳುತ್ತಾರೆ. ಅದು ಕಣ್ಣಿಗೆ ಬಿದ್ದ ಕೂಡಲೇ ಪೂರ್ತಿ ವೇದಿಕೆಗೆ ಹೋಗಬೇಕು. ಪದ್ಯ ಶುರುವಾದ ಮೇಲೆ ಹೋದರೆ ತಡ. ಸ್ಟುಡಿಯೋ ಮೋಡ್ ಹಾಕಿಕೊಳ್ಳಿ, ಎಡದ ಕಿಟಕಿಯಲ್ಲಿ ಮುಂದಿನ ದೃಶ್ಯ ಸಿದ್ಧ ಇರುತ್ತದೆ, ಬಲದಲ್ಲಿ ಈಗ ಹೋಗುತ್ತಿರುವುದು.

ಇಲ್ಲಿ ಇನ್ನೊಂದು ನಷ್ಟ ಇದೆ. ವಾಲಿ ಮಾತಾಡುತ್ತಿರುವಾಗ ನೀವು ವಾಲಿಯನ್ನು ತೋರಿಸುತ್ತೀರಿ, ಸರಿಯೇ. ಅದೇ ಹೊತ್ತಿಗೆ ರಾಮನ ಅರ್ಥಧಾರಿ ಆಚೆ ಬದಿ ಕೂತು ಉತ್ತರ ಕಟ್ಟುತ್ತಿರುತ್ತಾರೆ. ಒಂದು ಮಾತಿಗೆ ಹುಬ್ಬು ಏರುತ್ತದೆ, ಇನ್ನೊಂದಕ್ಕೆ ತಲೆ ಆಡುತ್ತದೆ, ಪಕ್ಕದ ಮದ್ದಲೆಯವರ ಕಡೆ ನೋಡಿ ಸಣ್ಣಗೆ ನಗುತ್ತಾರೆ. ನಿಮ್ಮ ಮಿಕ್ಸಿನಲ್ಲಿ ಅದು ಇಲ್ಲ. ಲೈವ್‌ನಲ್ಲಿ ಬೇರೆ ದಾರಿಯೂ ಇಲ್ಲ, ಒಂದನ್ನು ಆರಿಸಲೇಬೇಕು. ರೆಕಾರ್ಡಿಂಗಿಗೆ ಆ ಕಟ್ಟು ಇಲ್ಲವಲ್ಲ. ಹಾಗಾಗಿ ಮಿಕ್ಸ್ ಆದದ್ದರ ಜೊತೆಗೆ ಒಂದೊಂದು ಕ್ಯಾಮೆರಾದ್ದನ್ನೂ ಬೇರೆ ಬೇರೆ ಉಳಿಸಿ. ಓಬಿಎಸ್‌ಗೆ ‘ಸೋರ್ಸ್ ರೆಕಾರ್ಡ್’ ಅಂತ ಒಂದು ಪ್ಲಗಿನ್ ಇದೆ. ಅದನ್ನು ಕ್ಯಾಮೆರಾಕ್ಕೆ ಫಿಲ್ಟರ್ ಹಾಕಿದಂತೆ ಹಾಕಿದರೆ ಆ ಕ್ಯಾಮೆರಾದ ಫೈಲ್ ಬೇರೆ ಬರುತ್ತದೆ. ಕಂಪ್ಯೂಟರಿಗೆ ಅಷ್ಟು ತಾಕತ್ತಿಲ್ಲವೇ? ಕ್ಯಾಮೆರಾದ ಕಾರ್ಡಿನಲ್ಲೇ ರೆಕಾರ್ಡ್ ಒತ್ತಿಬಿಡಿ. ಆದರೆ ಹಳೆಯ ಸ್ಟಿಲ್ ಕ್ಯಾಮೆರಾಗಳಲ್ಲಿ ಎಷ್ಟೋ 29 ನಿಮಿಷ 59 ಸೆಕೆಂಡಿಗೆ ತಾವಾಗಿ ನಿಲ್ಲುತ್ತವೆ, ಕೂಟ ಶುರುವಾಗುವ ಮೊದಲೇ ಪರೀಕ್ಷಿಸಿ.

ಡಿಸ್ಕ್ ಎಷ್ಟು ಬೇಕು? ಮಿಕ್ಸಿಗೆ 20 ಎಂಬಿಪಿಎಸ್ (ಸೆಕೆಂಡಿಗೆ 20 ಮೆಗಾಬಿಟ್, 8 ಬಿಟ್ ಸೇರಿದರೆ ಒಂದು ಬೈಟ್) ಇಟ್ಟರೆ ಗಂಟೆಗೆ 9 ಜಿಬಿ, ನಾಲ್ಕು ಗಂಟೆಗೆ 36. ಮೂರು ಕ್ಯಾಮೆರಾಗಳಿಗೆ ತಲಾ 12 ಎಂಬಿಪಿಎಸ್ ಇಟ್ಟರೆ ಒಟ್ಟು ಸುಮಾರು 65 ಜಿಬಿ. ಎಲ್ಲ ಸೇರಿ ಒಂದು ಕೂಟಕ್ಕೆ 100 ಜಿಬಿ. ಡಿಸ್ಕಿಗೆ ಬರೆಯುವ ವೇಗದ ಚಿಂತೆ ಬೇಡ. ಎಲ್ಲ ಸೇರಿದರೂ ಸೆಕೆಂಡಿಗೆ 7 ಎಂಬಿ, ಹಳೆಯ ಹಾರ್ಡ್ ಡಿಸ್ಕಿಗೂ ಅದು ಸಲೀಸು. ಪೆನ್‌ಡ್ರೈವ್ ಅಥವಾ ಕಾರ್ಡ್ ಬಳಸುವುದಾದರೆ ಅದು ಫ್ಯಾಟ್32 ಆಗಿರಬಾರದು, ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವುದಿಲ್ಲ. ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ.

ಸಭೆಯ ಪರದೆಯ ವಿಷಯ ಬೇಗ ಮುಗಿಸುತ್ತೇನೆ. ಕಂಪ್ಯೂಟರಿನ ಎರಡನೇ ಎಚ್‌ಡಿಎಂಐ ಪರದೆಯನ್ನು ‘ಎಕ್ಸ್‌ಟೆಂಡ್’ ಮಾಡಿ, ‘ಡೂಪ್ಲಿಕೇಟ್’ ಅಲ್ಲ. ಡೂಪ್ಲಿಕೇಟ್ ಮಾಡಿದರೆ ನಿಮ್ಮ ವಾಟ್ಸ್ಆ್ಯಪ್ ಮೆಸೇಜು ಇಡೀ ಊರಿಗೆ ಕಾಣುತ್ತದೆ. ಪ್ರೋಗ್ರಾಂ ಕಿಟಕಿಯ ಮೇಲೆ ಬಲ ಕ್ಲಿಕ್ ಮಾಡಿ ‘ಫುಲ್‌ಸ್ಕ್ರೀನ್ ಪ್ರೊಜೆಕ್ಟರ್’ ಆರಿಸಿ. ಬೇಕಾದರೆ ಒಂದು ಸೀನನ್ನು ಮಾತ್ರವೂ ಪರದೆಗೆ ಕೊಡಬಹುದು. ಲೈವ್‌ನಲ್ಲಿ ಕೆಳಗೆ ಹೆಸರು, ಲೋಗೋ ಎಲ್ಲ ಇರುತ್ತದೆ, ಎದುರೇ ಕೂತ ಸಭಿಕರಿಗೆ ಅದು ಯಾಕೆ? ಚಿತ್ರ ಕ್ಯಾಮೆರಾದಿಂದ ಪರದೆಗೆ ಬರುವಷ್ಟರಲ್ಲಿ ನಾಲ್ಕು ಫ್ರೇಮ್ ತಡವಾದರೂ 0.16 ಸೆಕೆಂಡ್ ಆಯಿತು. ಹಾಗಾಗಿ ಪರದೆಯನ್ನು ಕಲಾವಿದರ ಬೆನ್ನಿಗೇ ಇಡಬೇಡಿ, ಬದಿಗೆ ಇಡಿ.

ಬೆಳಕಿನ ಬಗ್ಗೆ. ನಮ್ಮ ಕರೆಂಟ್ 50 ಹರ್ಟ್ಸ್. ಟ್ಯೂಬ್‌ಲೈಟು, ಕಡಿಮೆ ಬೆಲೆಯ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಫೋನ್ 30 ಫ್ರೇಮಿನಲ್ಲಿ, 1/60 ಶಟರಿನಲ್ಲಿ ಹಿಡಿದರೆ ಲೆಕ್ಕ ಕೂಡುವುದಿಲ್ಲ, ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಹರಿಯುತ್ತವೆ. ಶಟರ್ 1/50 ಅಥವಾ 1/100 ಇಡಿ. ಕ್ಯಾಮೆರಾ, ಓಬಿಎಸ್ ಎರಡರಲ್ಲೂ 25 ಫ್ರೇಮ್ ಇಡಿ. ಲೈವ್ ಪೂರ್ತಿ ಈ ಪಟ್ಟೆ ಹರಿಯುವುದನ್ನು ನೋಡಿದಾಗ ನನಗೆ ನಿಜವಾಗಿ ಬೇಜಾರಾಗುತ್ತದೆ, ಯಾಕೆಂದರೆ ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಕಾರ್ಯಕ್ರಮ ನಡೆಯುತ್ತಿರುವಾಗ ಓಬಿಎಸ್‌ನ ಸ್ಟ್ಯಾಟ್ಸ್ ಕಿಟಕಿ ತೆರೆದಿಡಿ. ಅಲ್ಲಿ ಕಳೆದುಹೋದ ಫ್ರೇಮುಗಳ ಲೆಕ್ಕ ಮೂರು ಇದೆ. ನೆಟ್‌ವರ್ಕಿನಿಂದ ಬಿದ್ದದ್ದು ಒಂದು. ಅದು ಏರಿದರೆ ಲೈವ್‌ನ ಬಿಟ್‌ರೇಟ್ ಇಳಿಸಿ, ರೆಕಾರ್ಡಿಂಗನ್ನು ಮುಟ್ಟಬೇಡಿ. ಎನ್‌ಕೋಡಿಂಗಿನಿಂದ ಬಿಟ್ಟದ್ದು ಎರಡನೆಯದು. ಅದು ಏರಿದರೆ ಹಿಂಡುವ ಕೆಲಸ ಹೆಚ್ಚಾಯಿತು ಅಂತ ಅರ್ಥ, ಹಾರ್ಡ್‌ವೇರ್ ಎನ್‌ಕೋಡರಿಗೆ ಬದಲಾಯಿಸಿ. ರೆಂಡರಿಂಗಿನಿಂದ ತಪ್ಪಿದ್ದು ಮೂರನೆಯದು. ಅದಕ್ಕೆ ಗ್ರಾಫಿಕ್ಸ್ ಸುಸ್ತಾಗಿರುವುದು ಕಾರಣ, ತೆರೆದಿಟ್ಟ ಬ್ರೌಸರ್ ಮುಚ್ಚಿ, ಓಡುವ ಅಕ್ಷರಗಳನ್ನು ತೆಗೆಯಿರಿ. ಮೂರಕ್ಕೂ ‘ನೆಟ್ ಸರಿ ಇಲ್ಲ’ ಅಂತ ಒಂದೇ ಕಾರಣ ಕೊಡುವುದನ್ನು ನಾನು ತುಂಬಾ ಕಡೆ ಕೇಳಿದ್ದೇನೆ. ಎರಡನೆಯದು, ಮೂರನೆಯದು ರೆಕಾರ್ಡಿಂಗನ್ನೂ ಹಾಳು ಮಾಡುತ್ತವೆ. ಆದ್ದರಿಂದ ಅವುಗಳ ಮೇಲೆ ಹೆಚ್ಚು ಕಣ್ಣಿರಲಿ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: ಯೂಟ್ಯೂಬಿನಲ್ಲೇ ವಿಡಿಯೋ ಉಳಿಯುತ್ತದಲ್ಲ, ಮತ್ತೆ ಡಿಸ್ಕ್ ಯಾಕೆ? ಉಳಿಯುತ್ತದೆ, 12 ಗಂಟೆಯೊಳಗಿನ ಲೈವ್ ತಾನಾಗಿ ಸೇವ್ ಆಗುತ್ತದೆ. ಆದರೆ ಉಳಿಯುವುದು ನೀವು ಕಳಿಸಿದ್ದು ಮಾತ್ರ. ನೆಟ್ ಕೆಟ್ಟಾಗ ಕಳಿಸಿದ್ದು ಕೆಟ್ಟದ್ದೇ. ಟ್ರ್ಯಾಕುಗಳೂ ಬೇರೆ ಬೇರೆ ಇರುವುದಿಲ್ಲ. ಒಳ್ಳೆಯ ರೆಕಾರ್ಡಿಂಗ್ ಇದ್ದರೆ ಅದನ್ನೇ ಆಮೇಲೆ ಇನ್ನೊಮ್ಮೆ ಅಪ್‌ಲೋಡ್ ಮಾಡಿ.

ಇನ್ನೊಬ್ಬರದ್ದು: ಕ್ಯಾಮೆರಾದ ಚಿತ್ರವನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಕೊಡುವ ಕಡಿಮೆ ಬೆಲೆಯ ಕ್ಯಾಪ್ಚರ್ ಕಡ್ಡಿ ಸಾಕಾ? ಶುರುಮಾಡಲು ಸಾಕು. ಆದರೆ ಅದು ಹೋಗುವ ಯುಎಸ್‌ಬಿ 2.0 ದಾರಿ ಸೆಕೆಂಡಿಗೆ ಹೆಚ್ಚೆಂದರೆ 60 ಎಂಬಿ. ಫುಲ್ ಎಚ್‌ಡಿ ಚಿತ್ರ ಹಿಂಡದೆ ಅದರಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಕಡ್ಡಿಯೇ ಒಂದು ಸಲ ಹಿಂಡಿ ಕಳಿಸುತ್ತದೆ, ಬಣ್ಣ ಸ್ವಲ್ಪ ಮಾಸುತ್ತದೆ. ಮೂರು ಕಡ್ಡಿಗಳನ್ನು ಒಂದೇ ಹಬ್ಬಿಗೆ ಸಿಕ್ಕಿಸಬೇಡಿ. ಕೆಲವು ಕಡ್ಡಿಗಳು ಸ್ಟೀರಿಯೋ ಧ್ವನಿಯನ್ನು 96 ಕಿಲೋಹರ್ಟ್ಸ್ ಮೋನೋ ಅಂತ ತೋರಿಸಿ ಗೊಂದಲ ಮಾಡುತ್ತವೆ, ಧ್ವನಿಯನ್ನು ಅದರಿಂದ ತೆಗೆದುಕೊಳ್ಳದಿದ್ದರೆ ಆ ಚಿಂತೆ ಇಲ್ಲ. ಧ್ವನಿ ಒಂದು ದಾರಿ, ಚಿತ್ರ ಇನ್ನೊಂದು ದಾರಿ ಬಂದರೆ ಚಿತ್ರ ಸ್ವಲ್ಪ ಹಿಂದೆ ಬೀಳುತ್ತದೆ. ಎಲ್ಲ ಕ್ಯಾಮೆರಾ ಓಡುತ್ತಿರುವಾಗ ವೇದಿಕೆಯಲ್ಲಿ ಮೈಕಿನ ಹತ್ತಿರ ಒಂದು ಚಪ್ಪಾಳೆ ತಟ್ಟಿಸಿ, ರೆಕಾರ್ಡ್ ಮಾಡಿ ನೋಡಿ, ಎಷ್ಟು ಮಿಲಿಸೆಕೆಂಡ್ ವ್ಯತ್ಯಾಸವೋ ಅಷ್ಟನ್ನು ಸಿಂಕ್ ಆಫ್‌ಸೆಟ್‌ನಲ್ಲಿ ಧ್ವನಿಗೆ ಸೇರಿಸಿ.

ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಅರ್ಥಧಾರಿ ಕೇಳಿದರು: ಇದೆಲ್ಲ ರೆಕಾರ್ಡ್ ಮಾಡುವ ಮೊದಲು ನಮ್ಮನ್ನು ಕೇಳಬೇಕಲ್ಲವೇ? ಖಂಡಿತ ಕೇಳಬೇಕು. ಲೈವ್‌ಗೆ ಒಪ್ಪಿದರು ಅಂದ ಮಾತ್ರಕ್ಕೆ ಬಿಡಿ ಟ್ರ್ಯಾಕುಗಳನ್ನು ಇಟ್ಟುಕೊಳ್ಳಲು, ಹಂಚಲು ಒಪ್ಪಿದಂತಲ್ಲ. ಕೂಟಕ್ಕೆ ಕರೆಯುವಾಗಲೇ ಎರಡನ್ನೂ ಬೇರೆ ಬೇರೆ ಕೇಳಿ. ಅವರ ಅರ್ಥದ ಟ್ರ್ಯಾಕಿನ ಒಂದು ಪ್ರತಿಯನ್ನು ಅವರಿಗೂ ಕೊಡಿ.

ಕೊನೆಯ ಪ್ರಶ್ನೆ ಒಬ್ಬ ಕಾಲೇಜು ಹುಡುಗಿಯದ್ದು. ಎಂಟು ವರ್ಷ ಹಳೆಯ ಲ್ಯಾಪ್‌ಟಾಪ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಆಗುತ್ತದಾ? ಆಗುತ್ತದಮ್ಮಾ. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚಿನವುಗಳಲ್ಲಿ ಕ್ವಿಕ್ ಸಿಂಕ್ ಇದ್ದೇ ಇರುತ್ತದೆ, ಎನ್‌ಕೋಡರ್ ಪಟ್ಟಿಯಲ್ಲಿ ಕಾಣುತ್ತದೆ. ಲೈವನ್ನು 720ಕ್ಕೆ ಇಳಿಸು, ರೆಕಾರ್ಡಿಂಗ್ 1080ರಲ್ಲೇ ಇರಲಿ. ಅಡ್ವಾನ್ಸ್‌ಡ್ ಮೋಡಿನಲ್ಲಿ ಸ್ಟ್ರೀಮಿಗೆ ಮಾತ್ರ ರೀಸ್ಕೇಲ್ ಹಾಕಲು ಬರುತ್ತದೆ. ಎರಡು ಕ್ಯಾಮೆರಾದಿಂದ ಶುರುಮಾಡು, ಬಿಡಿ ಫೈಲುಗಳು ಕ್ಯಾಮೆರಾದ ಕಾರ್ಡಿನಲ್ಲೇ ಉಳಿಯಲಿ. ವಿಂಡೋಸ್ ಅಪ್‌ಡೇಟ್, ಸ್ಲೀಪ್ ಎರಡನ್ನೂ ಹಿಂದಿನ ದಿನವೇ ನಿಲ್ಲಿಸು. ಮೊದಲ ಸಲ ಯೂಟ್ಯೂಬ್ ಲೈವ್ ಚಾಲೂ ಮಾಡಲು 24 ಗಂಟೆ ಕಾಯಬೇಕಾಗುತ್ತದೆ, ಅದನ್ನು ಈ ವಾರವೇ ಮಾಡಿಟ್ಟುಕೋ. ಮನೆಯಲ್ಲೇ ಎರಡು ಗಂಟೆ ಸುಮ್ನೆ ಓಡಿಸಿ ನೋಡು, ಸ್ಟ್ಯಾಟ್ಸ್ ಕಿಟಕಿಯ ಎರಡನೆಯ, ಮೂರನೆಯ ಲೆಕ್ಕ ಸೊನ್ನೆಯ ಹತ್ತಿರವೇ ನಿಂತರೆ ನಿನ್ನ ಲ್ಯಾಪ್‌ಟಾಪ್ ಕೂಟಕ್ಕೆ ಬರಬಹುದು.